ಬೇರೆಯವರ ಅಂಗಿ ತೊಟ್ಟ ವಿಮಾನ

ಕಳೆದ ಬೇಸಿಗೆಯಲ್ಲಿ ಅಪ್ಪ ಶಿಕಾಗೋಗೆ ಬಂದಿದ್ದರು. ತಂಗಿ ಮನೆಗೆ ಹೋಗಿ ಬರೋಣ ಅಂತ ಇಬ್ಬರೂ ಡೆನ್ವರ್‌ಗೆ ಹೊರಟೆವು. ಓಹೇರ್ ಏರ್‌ಪೋರ್ಟಿನ 2ನೇ ಟರ್ಮಿನಲ್‌ನಲ್ಲಿ ಸೆಕ್ಯುರಿಟಿ ಮುಗಿದ ಮೇಲೆ ಅಪ್ಪ ಬೆಲ್ಟ್ ಹಾಕಿಕೊಳ್ಳುತ್ತಾ ತಲೆ ಎತ್ತಿದರು. ಹಾಗೇ ನಿಂತುಬಿಟ್ಟರು. ಎದುರಿಗೆ ಒಂದು ಗಿಡ್ಡ, ಗುಂಡುಮೂತಿಯ ಹಳೇ ಯುದ್ಧವಿಮಾನ. ಗ್ರಮ್ಮನ್ ವೈಲ್ಡ್‌ಕ್ಯಾಟ್.

ಈ ಕಡೆ ಇರುವ ಎಷ್ಟೋ ಕನ್ನಡದವರು ಅದರ ಪಕ್ಕದಲ್ಲೇ ಸೂಟ್‌ಕೇಸ್ ಎಳೆದುಕೊಂಡು ಹೋಗಿರುತ್ತೀರಿ. ನಾನೂ ಹತ್ತು ವರ್ಷ ಹಾಗೇ ಹೋಗಿದ್ದೆ. ಆದರೆ ಅಪ್ಪ ಎಚ್‌ಎಎಲ್‌ನಲ್ಲಿ 34 ವರ್ಷ ಶೀಟ್ ಮೆಟಲ್ ಕೆಲಸ ಮಾಡಿ ರಿಟೈರ್ ಆದವರು. ಅವರ ಕಣ್ಣು ಮೊದಲು ಹೋಗುವುದೇ ರಿವೆಟ್ (ತಗಡಿಗೆ ತಗಡು ಬಿಗಿಯುವ ಮೊಳೆ) ಸಾಲಿನ ಮೇಲೆ. ಕನ್ನಡಕ ಹಣೆಗೇರಿಸಿ, ಬೆರಳನ್ನು ಗಾಳಿಯಲ್ಲೇ ಆ ಸಾಲಿನುದ್ದಕ್ಕೂ ಆಡಿಸಿದರು. "ಇದು ಇಬ್ಬರು ಸೇರಿ ಹೊಡೆದ ಸಾಲು ಪುಟ್ಟಿ. ಹೊರಗಡೆ ಒಬ್ಬರು ರಿವೆಟ್ ಗನ್ ಹಿಡಿದಿರ್ತಾರೆ. ಒಳಗಡೆ ಒಬ್ಬರು ಡಾಲಿ, ಅಂದ್ರೆ ರಿವೆಟ್ ಹಿಂದೆ ಹಿಡಿಯೋ ಉಕ್ಕಿನ ತುಂಡು, ಒತ್ತಿಕೊಂಡು ಕೂತಿರ್ತಾರೆ. ಒಳಗಿನವರ ಮುಖ ಯಾರೂ ನೋಡಲ್ಲ. ಅವರ ಕೈ ಅಲ್ಲಾಡಿದ್ರೆ ಮಾತ್ರ ಗೊತ್ತಾಗತ್ತೆ." ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹಾಗೆ ಡಾಲಿ ಹಿಡಿದು ಕೂತವರಲ್ಲಿ ಹೆಂಗಸರೇ ಎಷ್ಟೋ ಮಂದಿ.

ಈ ವೈಲ್ಡ್‌ಕ್ಯಾಟ್ 1943ರಲ್ಲಿ ಶಿಕಾಗೋ ಪಕ್ಕದ ಮಿಶಿಗನ್ ಸರೋವರಕ್ಕೆ ಬಿದ್ದದ್ದು. ದಶಕಗಳ ಕಾಲ ತಳದಲ್ಲಿದ್ದು, ಹೆಚ್ಚು ಕಡಿಮೆ ಇಡಿಯಾಗಿಯೇ ಮೇಲೆ ಬಂತು. ನೌಕಾಪಡೆಯ ವಿಮಾನಕ್ಕೆ ಸರೋವರದಲ್ಲಿ ಏನು ಕೆಲಸ ಅಂತ ಅಪ್ಪ ಕೇಳಿದರು. ಸರಿಯಾದ ಪ್ರಶ್ನೆಯೇ. ಜಪಾನ್ ಜೊತೆ ಯುದ್ಧ ಶುರುವಾದಾಗ ಹೊಸ ಪೈಲಟ್‌ಗಳಿಗೆ ಹಡಗಿನ ಮೇಲೆ ಇಳಿಯೋದನ್ನು ಕಲಿಸಬೇಕಿತ್ತು. ಸಮುದ್ರದಲ್ಲಿ ಶತ್ರುಗಳ ಸಬ್‌ಮರೀನ್ ಕಾಟ. ಇರುವ ವಿಮಾನವಾಹಕ ಹಡಗುಗಳೆಲ್ಲ ಯುದ್ಧಕ್ಕೇ ಬೇಕು. ಆಗ ನೌಕಾಪಡೆ ಎರಡು ಹಳೇ ಪ್ರಯಾಣಿಕರ ಹಡಗು ಕೊಂಡುಕೊಂಡಿತು. ಪಕ್ಕದಲ್ಲಿ ದೊಡ್ಡ ಚಕ್ರ ತಿರುಗುವ, ಕಲ್ಲಿದ್ದಲು ಉರಿಸುವ ಹಡಗುಗಳು. ಮೇಲಿನ ಅಂತಸ್ತು ಕಿತ್ತು ಉದ್ದನೆಯ ಡೆಕ್ ಹಾಸಿದರು. ಒಂದಕ್ಕೆ ವುಲ್ವರಿನ್, ಇನ್ನೊಂದಕ್ಕೆ ಸೇಬಲ್ ಅಂತ ಹೆಸರಿಟ್ಟರು. ಡೆಕ್ ಉದ್ದ ಸುಮಾರು 550 ಅಡಿ, ನೀರಿನಿಂದ ಎತ್ತರ ಬರೀ 27 ಅಡಿಯ ಹಾಗೆ. ವಿಮಾನ ಇಡಲು ಒಳಗೆ ಜಾಗವೇ ಇಲ್ಲ.

ಮೂರು ವರ್ಷದಲ್ಲಿ 17,000ಕ್ಕೂ ಜಾಸ್ತಿ ಹುಡುಗರು ಅಲ್ಲಿ ಕಲಿತರು. ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಕೂಡ 1943ರಲ್ಲಿ ಸೇಬಲ್ ಮೇಲೆ ಇಳಿದು ಪಾಸಾದವರೇ. ಇಪ್ಪತ್ತರ ಆಸುಪಾಸಿನ ಹುಡುಗರು, ಚಳಿಗಾಲದಲ್ಲೂ ಹಾರಬೇಕು, ಅಲ್ಲಾಡುವ ಡೆಕ್ಕಿನ ಮೇಲೆ ಬಾಲದ ಕೊಕ್ಕೆಯನ್ನು ಉಕ್ಕಿನ ಹಗ್ಗಕ್ಕೆ ಸಿಕ್ಕಿಸಬೇಕು. ಕೆಲವರಿಗೆ ತಪ್ಪಿತು. ನೂರಕ್ಕೂ ಹೆಚ್ಚು ವಿಮಾನಗಳು ನೀರಿಗೆ ಬಿದ್ದವು. ಹೆಚ್ಚಿನ ಹುಡುಗರನ್ನು ಪಕ್ಕದಲ್ಲೇ ಕಾಯುತ್ತಿದ್ದ ದೋಣಿಗಳು ಎತ್ತಿಕೊಂಡವು. ವಿಮಾನಗಳು ಮಾತ್ರ ಮುಳುಗಿದವು. ಯುದ್ಧ ಮುಗಿದ ಮೇಲೆ ಎರಡೂ ಹಡಗುಗಳನ್ನು ಗುಜರಿಗೆ ಒಡೆದರು. ಆ ಶಾಲೆಯಿಂದ ಇವತ್ತು ಉಳಿದಿರುವುದು ಸರೋವರದ ತಳದಲ್ಲಿ ಇರುವುದು ಮತ್ತು ಅಲ್ಲಿಂದ ಮೇಲೆ ತಂದಿರುವುದು, ಅಷ್ಟೇ.

ಈ ಸರೋವರದ ನೀರು ಸಿಹಿನೀರು, ತಳದಲ್ಲಿ ಫ್ರಿಜ್ಜಿನಷ್ಟು ತಣ್ಣಗೆ, ಕತ್ತಲು. ಅಲ್ಯೂಮಿನಿಯಂಗೆ ಉಪ್ಪು ಅಂದರೆ ವಿಷ. 2013ರಲ್ಲಿ ಇಂಗ್ಲಿಷ್ ಕಾಲುವೆಯಿಂದ ಒಂದು ಜರ್ಮನ್ ಡಾರ್ನಿಯರ್ ಬಾಂಬರ್ ಎತ್ತಿದರಲ್ಲ, ಉಪ್ಪು ತೆಗೆಯೋದಕ್ಕೆ ವರ್ಷಗಟ್ಟಲೆ ಸಿಟ್ರಿಕ್ ಆಸಿಡ್ ನೀರು ಚಿಮುಕಿಸುತ್ತಾ ಇಡಬೇಕಾಯಿತು. ಮಿಶಿಗನ್ನಿಂದ ಬಂದ ವಿಮಾನಗಳಲ್ಲಿ ಎಷ್ಟೋ ಸಲ ಬಣ್ಣ ಹಾಗೇ ಇರುತ್ತಿತ್ತು. ಚಕ್ರದಲ್ಲಿ ಗಾಳಿ ಇದ್ದದ್ದೂ ಉಂಟು.

1994ರಲ್ಲಿ ಹೀಗೇ ಒಂದು ಡಾಂಟ್‌ಲೆಸ್ ಬಾಂಬರ್ ಮೇಲೆ ಬಂತು. ನಂಬರ್ 2106. ಅದು 1942ರ ಜೂನ್ 4ರಂದು ಪೆಸಿಫಿಕ್ ಸಾಗರದಲ್ಲಿ ಜಪಾನ್ ವಿರುದ್ಧ ನಡೆದ ಮಿಡ್‌ವೇ ಕದನಕ್ಕೆ ಹೋಗಿದ್ದ ವಿಮಾನ. ಆ ಬೆಳಗ್ಗೆ ಅದೂ ಸೇರಿ ಆ ಗುಂಪಿನಲ್ಲಿ ಹೊರಟ ಡಾಂಟ್‌ಲೆಸ್‌ಗಳು 16. ಮರಳಿದವು 8. ಇದು ಒಂದೇ ಚಕ್ರದ ಮೇಲೆ ಇಳಿಯಿತು. ಮೈಯಲ್ಲಿ 219 ತೂತು ಎಣಿಸಿದರು. ಹಿಂದೆ ಕೂತಿದ್ದ ಗನ್ನರ್‌ಗೆ ಗಾಯ, ಪೈಲಟ್ ಕುತ್ತಿಗೆಯ ಮೈಕಿನ ವೈರು ಗುಂಡಿಗೆ ಕತ್ತರಿಸಿಹೋಗಿತ್ತು. ಆ ತೂತುಗಳಿಗೆಲ್ಲ ತೇಪೆ ಹಾಕಿ ಶಿಕಾಗೋಗೆ ಕಲಿಕೆಗೆ ಕಳಿಸಿದರು. ಮರುವರ್ಷ ಜೂನ್‌ನಲ್ಲಿ ಒಬ್ಬ ಹೊಸ ಹುಡುಗನ ಕೈಯಲ್ಲಿ ನೀರಿಗೆ ಬಿತ್ತು. ಹುಡುಗ ಬದುಕಿಕೊಂಡ. ಈಗ ಫ್ಲೋರಿಡಾದ ಪೆನ್ಸಕೋಲಾದಲ್ಲಿರುವ ನೌಕಾ ವಿಮಾನ ಮ್ಯೂಸಿಯಂನಲ್ಲಿ ಅದನ್ನು ನೋಡಬಹುದು. ಹತ್ತಿರ ಹೋದರೆ ತೇಪೆಗಳು ಕಾಣುತ್ತವೆ. ಒಂದೊಂದರ ಸುತ್ತಲೂ ರಿವೆಟ್, ಅವಸರದಲ್ಲಿ ಹೊಡೆದದ್ದು. ಹೋದ ವರ್ಷ ನಾನು ತೆಗೆದ ಫೋಟೋವನ್ನು ಅಪ್ಪ ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು.

ಈ ಎರಡು ವಿಮಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ನನ್ನ ಮನಸ್ಸಿನಲ್ಲಿದ್ದದ್ದು ಸ್ಪಷ್ಟವಾಯಿತು. ಓಹೇರ್‌ನ ವೈಲ್ಡ್‌ಕ್ಯಾಟ್ ತನ್ನ ಸ್ವಂತ ಬಣ್ಣದಲ್ಲಿ ಇಲ್ಲ. 2001ರಲ್ಲಿ ಶುಗರ್ ಗ್ರೋವ್‌ನ ಒಂದು ಮ್ಯೂಸಿಯಂನವರು (ನಮ್ಮ ಅರೋರಾದ ಬಾಲಾಜಿ ದೇವಸ್ಥಾನದಿಂದ ಸ್ವಲ್ಪವೇ ದೂರ) ಅದನ್ನು ಬುಚ್ ಓಹೇರ್ ಹಾರಿಸಿದ ವಿಮಾನದ ಥರ ಸಿಂಗರಿಸಿದರು. ಓಹೇರ್ 1942ರ ಫೆಬ್ರವರಿ 20ರಂದು ಒಬ್ಬನೇ ಜಪಾನಿ ಬಾಂಬರ್‌ಗಳ ಗುಂಪಿಗೆ ನುಗ್ಗಿ ಲೆಕ್ಸಿಂಗ್ಟನ್ ಹಡಗನ್ನು ಕಾಪಾಡಿದ ವೀರ. ಮರುವರ್ಷ ನವೆಂಬರ್‌ನಲ್ಲಿ ರಾತ್ರಿಯ ಹಾರಾಟದಲ್ಲಿ ಹೋದವನು ಸಿಗಲೇ ಇಲ್ಲ. ಏರ್‌ಪೋರ್ಟಿಗೆ ಅವನ ಹೆಸರಿಟ್ಟದ್ದು ಸರಿ. ವಿಮಾನವನ್ನು ಸಿಂಗರಿಸಿದವರ ಶ್ರಮಕ್ಕೂ ಕೈ ಮುಗಿಯುತ್ತೇನೆ. ಆದರೂ ನನಗೆ ಸಂಕಟ ಆಗುತ್ತದೆ. ಈ ವಿಮಾನಕ್ಕೆ ತನ್ನದೇ ಕಥೆ ಇತ್ತು. ವುಲ್ವರಿನ್ ಮೇಲೆ ಕಲಿಯುವಾಗ ತಪ್ಪಿದ ಒಬ್ಬ ಹುಡುಗನ ಕಥೆ. ವೀರನ ಅಂಗಿ ತೊಡಿಸಿ ಕಲಿಯುವ ಹುಡುಗನನ್ನು ಮರೆಸಿಬಿಟ್ಟೆವು. 17,000 ಜನ ಬೆವರು ಸುರಿಸಿದ ಊರಿನಲ್ಲೇ ಹೀಗಾಯಿತಲ್ಲ!

ಪೆನ್ಸಕೋಲಾದಲ್ಲಿ ಒಂದೆರಡು ವಿಮಾನಗಳನ್ನು ಸರೋವರದ ತಳದಲ್ಲಿ ಹೇಗಿದ್ದವೋ ಹಾಗೇ ಜೋಡಿಸಿಟ್ಟಿದ್ದಾರೆ. ನನಗೆ ಫಳಫಳ ಹೊಳೆಯುವ ಸಾಲಿಗಿಂತ ಆ ಮೂಲೆಯೇ ಇಷ್ಟವಾಯಿತು.

ಇನ್ನೊಂದು ವಿಷಯ, ಇದು ಅವಸರದ್ದು. ಇದುವರೆಗೆ ನಲವತ್ತರ ಆಸುಪಾಸು ವಿಮಾನಗಳನ್ನು ಮೇಲೆ ತಂದಿದ್ದಾರೆ. ಸೋನಾರ್ ಎಳೆದು ಹುಡುಕಿ, ಮುಳುಗುಗಾರರು ಪಟ್ಟಿ ಕಟ್ಟಿ, ಗಾಳಿ ಚೀಲಗಳಲ್ಲಿ ನಿಧಾನವಾಗಿ ತೇಲಿಸಿ, ವಾಕೀಗನ್ ಬಂದರಿನ ಕ್ರೇನಿಗೆ ಒಪ್ಪಿಸೋದು. ತಳದಲ್ಲಿ ಇನ್ನೂ ಇವೆ. ಆದರೆ ಈಗ ಸರೋವರದ ತುಂಬ ಕ್ವಾಗಾ ಅನ್ನುವ ಚಿಪ್ಪಿ. ನಮ್ಮ ಕರಾವಳಿಯವರು ನೀಲಿಕಲ್ಲು ಅಂತಾರಲ್ಲ, ನೋಡೋಕೆ ಹಾಗೇ, ಬೆರಳಿನ ಉಗುರಿನಷ್ಟು. ಕಪ್ಪು ಸಮುದ್ರದ ಕಡೆಯಿಂದ ಸರಕು ಹಡಗುಗಳ ತಳದ ನೀರಿನಲ್ಲಿ ಬಂದದ್ದು. ವಿಮಾನದ ಮೈಮೇಲೆ ಇಂಚುಗಟ್ಟಲೆ ಕೂರುತ್ತದೆ, ಕಚ್ಚಿಕೊಂಡ ಜಾಗದಲ್ಲಿ ಬಣ್ಣವೂ ಹೋಗುತ್ತದೆ, ತಗಡೂ ಹಾಳಾಗುತ್ತದೆ. "ನೀರಿನಲ್ಲೇ ಇರಲಿ, ಅಲ್ಲೇ ಕ್ಷೇಮ" ಅನ್ನುವ ಮಾತು ಐವತ್ತು ವರ್ಷ ನಿಜವಾಗಿತ್ತು. ಈಗ ಇಲ್ಲ.

ನೌಕಾಪಡೆ ತನ್ನ ಮುಳುಗಿದ ವಿಮಾನಗಳ ಮೇಲಿನ ಹಕ್ಕನ್ನು ಬಿಟ್ಟುಕೊಡುವುದಿಲ್ಲ. 2004ರ ಕಾನೂನು ಅದನ್ನು ಇನ್ನೂ ಬಿಗಿ ಮಾಡಿತು. ಒಳ್ಳೆಯದೇ. ಇಲ್ಲದಿದ್ದರೆ ಕಂಡ ಕಂಡವರು ಬಿಡಿಭಾಗ ಕಿತ್ತು ಮಾರುತ್ತಿದ್ದರು. ಆದರೆ ಯಜಮಾನಿಕೆ ಇಟ್ಟುಕೊಂಡವರು ಹೊಣೆಯನ್ನೂ ಹೊರಬೇಕು. ಈಗ ಖರ್ಚೆಲ್ಲ ದಾನಿಗಳ ತಲೆ ಮೇಲೆ. 2009ರಲ್ಲಿ ನೌಕಾಪಡೆಯದೇ ಯುದ್ಧವಿಮಾನವಾದ ಒಂದು ಹೆಲ್‌ಕ್ಯಾಟ್ ಮೇಲೆ ಬಂದದ್ದು ಎಂಟರ್‌ಪ್ರೈಸ್ ಅನ್ನುವ ಕಾರು ಬಾಡಿಗೆ ಕಂಪನಿಯ ಮಾಲೀಕರ ದುಡ್ಡಿನಲ್ಲಿ. ಅವರ ತಂದೆ ಯುದ್ಧದಲ್ಲಿ ಹೆಲ್‌ಕ್ಯಾಟ್ ಹಾರಿಸಿದವರು, ಕಂಪನಿಗೆ ತಾವಿದ್ದ ಹಡಗಿನ ಹೆಸರನ್ನೇ ಇಟ್ಟವರು. ಅಂಥ ಮಗ ಪ್ರತಿ ವಿಮಾನಕ್ಕೂ ಸಿಗ್ತಾನಾ?

ಕೈ ಕಟ್ಟಿ ಕೂತರೆ ಏನಾಗುತ್ತದೆ ಅನ್ನೋದಕ್ಕೆ ಬ್ರಿಟಿಷರ ಬರಾಕುಡಾ ಅನ್ನುವ, ಅದೇ ಯುದ್ಧದ ಬಾಂಬರ್ ಇದೆ. 2,500ಕ್ಕೂ ಹೆಚ್ಚು ಕಟ್ಟಿದರು. ಇವತ್ತು ಇಡೀ ಪ್ರಪಂಚದಲ್ಲಿ ಒಂದೂ ಇಡಿಯಾಗಿ ಇಲ್ಲ. ಯೋವಿಲ್ಟನ್‌ನ ಮ್ಯೂಸಿಯಂನವರು ಅಲ್ಲಿ ಇಲ್ಲಿ ಬಿದ್ದ ತುಂಡು ಆರಿಸಿ ಒಂದನ್ನು ಕೂಡಿಸುತ್ತಿದ್ದಾರೆ.

ಹಾಗಂತ ಎಲ್ಲವನ್ನೂ ಎತ್ತಿ ಅನ್ನುತ್ತಿಲ್ಲ. ಓಹೇರ್ ಕಾಪಾಡಿದ ಅದೇ ಲೆಕ್ಸಿಂಗ್ಟನ್ 1942ರ ಮೇ ತಿಂಗಳಲ್ಲಿ ಕೋರಲ್ ಸಮುದ್ರದಲ್ಲಿ ಮುಳುಗಿತು. 2018ರಲ್ಲಿ ಪೆಟ್ರೆಲ್ ಹಡಗಿನವರು ಅದನ್ನು ಸುಮಾರು 3,000 ಮೀಟರ್ ಆಳದಲ್ಲಿ ಕಂಡುಹಿಡಿದರು. 11 ವಿಮಾನಗಳೂ ಸಿಕ್ಕವು. ಅದರಲ್ಲಿ 7 ಡೆವಾಸ್ಟೇಟರ್ ಅನ್ನುವ ಟಾರ್ಪೆಡೊ ಬಾಂಬರ್. ಆ ಜಾತಿಯದು ನೆಲದ ಮೇಲೆ ಯಾವ ಮ್ಯೂಸಿಯಂನಲ್ಲೂ ಇಡಿಯಾಗಿ ಇಲ್ಲ. ಒಂದು ವೈಲ್ಡ್‌ಕ್ಯಾಟ್ ಮೇಲೆ ಓಹೇರ್ ಇದ್ದ ಸ್ಕ್ವಾಡ್ರನ್ನಿನ ಚಿಹ್ನೆ, ಫೀಲಿಕ್ಸ್ ಬೆಕ್ಕು, ನಿನ್ನೆ ಬರೆದ ಹಾಗಿದೆ. ನೋಡಿದರೆ ಆಸೆಯಾಗುತ್ತದೆ. ಆದರೂ ಬೇಡ. ಆ ಹಡಗಿನ ಜೊತೆ ಇನ್ನೂರಕ್ಕೂ ಹೆಚ್ಚು ಜನ ಹೋದರು. ಅದು ಅವರ ಸಮಾಧಿ. ಮಿಶಿಗನ್ ಅಂಥ ಜಾಗವಲ್ಲ. ಅಲ್ಲಿ ಯಾರಾದರೂ ಒಳಗೇ ಉಳಿದಿರುವ ವಿಮಾನ ಇದ್ದರೆ ಅದನ್ನು ಬಿಡಿ, ಹುಡುಗ ಈಜಿ ಹೊರಬಂದ ವಿಮಾನಗಳನ್ನು ತನ್ನಿ. ತಂದ ಮೇಲೆ ಅದರ ಗಾಯ ಮುಚ್ಚಬೇಡಿ.

ನಮಗೂ ಇದು ತೀರಾ ಹೊರಗಿನ ವಿಷಯ ಅಲ್ಲ. ಅದೇ ಯುದ್ಧದಲ್ಲಿ ಎಚ್‌ಎಎಲ್ ಅಮೆರಿಕನ್ನರ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಕ್ಯಾಟಲಿನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೇ ಬಂದು ಇಳಿಯುತ್ತಿದ್ದವು. ಅಪ್ಪ ಕೆಲಸಕ್ಕೆ ಸೇರಿದಾಗ ಹಿರಿಯ ಮೇಸ್ತ್ರಿಗಳು ಆ ಕಥೆ ಹೇಳುತ್ತಿದ್ದರಂತೆ. ಇವತ್ತು ಆ ಕೆರೆ ದಂಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವ ಎಷ್ಟು ಜನಕ್ಕೆ ಗೊತ್ತು?

ಮಿಶಿಗನ್ ರಾಜ್ಯದ ಕಲಮಜೂ ಇಲ್ಲಿಂದ ಎರಡೂವರೆ ಗಂಟೆ ದಾರಿ. ಅಲ್ಲಿಯ ಏರ್ ಝೂ ಮ್ಯೂಸಿಯಂನವರು ಈ ಸರೋವರದಿಂದ ಬಂದ ಒಂದು ಡಾಂಟ್‌ಲೆಸ್, ಒಂದು ವೈಲ್ಡ್‌ಕ್ಯಾಟ್ ರಿಪೇರಿಗೆ ಶಾಲೆ ಮಕ್ಕಳನ್ನೂ ರಿಟೈರ್ ಆದವರನ್ನೂ ಸೇರಿಸಿಕೊಂಡರು ಅಂತ ಅಪ್ಪನಿಗೆ ಹೇಳಿದ್ದೆ. ಮೊನ್ನೆ ಫೋನ್ ಮಾಡಿದ್ದರು. ಮೇ ತಿಂಗಳಿಗೆ ಟಿಕೆಟ್ ನೋಡು ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, ತಾವೇ ಮಾಡಿಸಿಕೊಂಡಿದ್ದ ಹಳೇ ಡಾಲಿ ಇನ್ನೂ ಕಪಾಟಿನಲ್ಲಿದೆ, ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ತರೋಕೆ ಬಿಡ್ತಾರಾ ಅಂತ ಕೇಳಿದರು.