ಹಳೇ ಅಂಗಿ, ಮದುವೆ ಸೀರೆ

ಜನವರಿಯಲ್ಲಿ ಮೂಡಿಗೆರೆ ಹತ್ತಿರ ನೆಂಟರ ತೋಟಕ್ಕೆ ಹೋಗಿದ್ದೆ. ಕಾಫಿ ಕೊಯ್ಲಿನ ಬಗ್ಗೆ ಮೊಬೈಲಲ್ಲೇ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುವ ಆಸೆ. ಹಣ್ಣು ಕೊಯ್ಯಲು ಬರುವ ಒಬ್ಬ ಅಮ್ಮನಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆ. ಅದೇ ಎಡವಟ್ಟಾಯ್ತು. ದಿನಾ ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡು ಬರುವವರು, ಅವತ್ತು ಮದುವೆ ಮನೆಗೆ ಉಡುವ ಸೀರೆಯಲ್ಲಿ ಬಂದಿದ್ದರು. ತಲೆಗೆ ಹೂವು ಬೇರೆ!

"ಆ ಅಂಗಿ ಹಾಕ್ಕೊಳ್ಳಿ ಅಮ್ಮ, ಅದೇ ಸಹಜವಾಗಿರುತ್ತೆ" ಅಂದೆ.

"ಮೊಮ್ಮಕ್ಳು ನೋಡಲ್ವಾ ಮಗ? ಹರಕಲು ಅಂಗೀಲಿ ತೋರಿಸ್ತೀಯಾ?"

ನನಗೆ ತಕ್ಷಣ ಫ್ಲಾಹರ್ಟಿ ನೆನಪಾದ. 1922ರ 'ನಾನೂಕ್ ಆಫ್ ದ ನಾರ್ತ್' ಅನ್ನೋ ಸಾಕ್ಷ್ಯಚಿತ್ರ ಮಾಡಿದವನು. ಕೆನಡಾದ ಹಿಮದ ನಾಡಿನ ಇನ್ಯುಯಿಟ್ ಜನರ ಕೈಯಲ್ಲಿ ಆಗಲೇ ಬಂದೂಕಿತ್ತು. ಇವನು ಈಟಿ ಹಿಡಿಸಿ ಬೇಟೆ ಆಡಿಸಿದ. ಕ್ಯಾಮೆರಾಗೆ ಬೆಳಕು ಸಾಲದು ಅಂತ ಹಿಮದ ಮನೆಯನ್ನು ಒಂದು ಕಡೆ ತೆರೆದೇ ಕಟ್ಟಿಸಿದ. ನಾಯಕನ ಹೆಸರೂ ನಾನೂಕ್ ಅಲ್ಲ, ಅಲ್ಲಕರಿಯಲ್ಲಾಕ್! ಮುಂದೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ಹೋಗಿ 'ಮೊಆನಾ' ಮಾಡಿದಾಗ ಅಲ್ಲಿನವರಿಗೆ ಹಳೇ ಕಾಲದ ಉಡುಪು ಹಾಕಿಸಿದ. ತಮಾಷೆ ನೋಡಿ, 1926ರಲ್ಲಿ ಜಾನ್ ಗ್ರಿಯರ್ಸನ್ ಸಿನಿಮಾ ವಿಮರ್ಶೆಯಲ್ಲಿ 'ಡಾಕ್ಯುಮೆಂಟರಿ' ಅನ್ನೋ ಮಾತು ಬಳಸಿದ್ದು ಇದೇ ಬಟ್ಟೆ ಬದಲಿಸಿದ ಚಿತ್ರದ ಬಗ್ಗೆ.

ಅಷ್ಟೇಕೆ, 1895ರಲ್ಲಿ, ಸಿನಿಮಾ ಹುಟ್ಟಿದ ಕಾಲದಲ್ಲೇ, ಫ್ರಾನ್ಸಿನ ಲೂಮಿಯೆರ್ ಸಹೋದರರು ತಮ್ಮ ಫ್ಯಾಕ್ಟರಿಯಿಂದ ಕೆಲಸದವರು ಹೊರಬರುವುದನ್ನು ತೆಗೆದರಲ್ಲ, ಒಂದು ನಿಮಿಷವೂ ಇಲ್ಲದ ಆ ತುಣುಕಿಗೇ ಮೂರು ಆವೃತ್ತಿಗಳಿವೆ. 'ಇನ್ನೊಂದ್ಸಲ ಬನ್ನಿ' ಅನ್ನೋದು ಅವತ್ತಿಂದಲೇ ಶುರು.

ನಮ್ಮಲ್ಲಿ 1948ರಲ್ಲಿ ಸಾಕ್ಷ್ಯಚಿತ್ರ ಮಾಡೋ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಬಂತು. ಹಾಸನ, ಚಿಕ್ಕಮಗಳೂರಿನ ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ಅದರ ಚಿತ್ರ ಓಡ್ತಿದ್ದಾಗ ಎಷ್ಟೋ ಜನ ಕಡ್ಲೆಕಾಯಿ ಕೊಳ್ಳೋಕೆ ಆಚೆಗೆ ಹೋಗಿರ್ತಿದ್ದರು. ತಪ್ಪೇನಿಲ್ಲ ಬಿಡಿ. ತೆರೆಯ ಮೇಲಿನ ರೈತ ಸುಮ್ನೆ ಉಳ್ತಾ ಇರ್ತಿದ್ದ, ಮಾತೆಲ್ಲ ಹಿಂದಿನಿಂದ ಬರುವ ಗಂಭೀರ ದನಿಯದ್ದು. ದೃಶ್ಯದ ಜೊತೆಗೇ ದನಿ ಹಿಡಿಯುವ ಹಗುರ ಸಲಕರಣೆ 1960ರ ಸುಮಾರಿಗೆ ಹೊರದೇಶಗಳಲ್ಲಿ ಬಂದ ಮೇಲೆ ಚಿತ್ರದೊಳಗಿನ ಜನ ತಾವೇ ಮಾತಾಡತೊಡಗಿದರು. ನನ್ನ ಪ್ರಕಾರ ಸಾಕ್ಷ್ಯಚಿತ್ರ ನಿಜವಾಗಿ ಬದಲಾದದ್ದು ಅಲ್ಲಿ.

ನನ್ನ ಜೇಬಲ್ಲಿ ಈಗ ದೃಶ್ಯ, ದನಿ ಎರಡನ್ನೂ ಹಿಡಿಯುವ ಮೊಬೈಲಿದೆ. ಆದರೂ ಆ ಅಮ್ಮನಿಗೆ ಹರಕಲು ಅಂಗಿ ಹಾಕಿಸೋಕೆ ಹೊರಟಿದ್ದೆ. ನಾಚಿಕೆಯಾಯ್ತು. ಸೀರೆಯಲ್ಲೇ ಶೂಟ್ ಮಾಡಿದೆ.

ಅರ್ಧ ಗಂಟೆ ಆಗಿತ್ತೇನೋ, ಕೊಂಬೆ ಬಗ್ಗಿಸುವಾಗ ಚಗಳಿ ಇರುವೆ ಕಚ್ಚಿತು. "ಹಾಳಾದ್ದು!" ಅಂತ ಸೆರಗು ಒದರಿ, ಬುತ್ತಿ ಚೀಲದಿಂದ ಅದೇ ಅಂಗಿ ತೆಗೆದು ಹಾಕಿಕೊಂಡರು. ಮೊಬೈಲ್ ಓಡ್ತಾನೇ ಇತ್ತು.

"ಇದನ್ನೂ ಹಿಡಿದ್ಯಾ?" ಅಂದರು.

ಹೂಂ ಅಂದೆ. ನಕ್ಕು, ಮತ್ತೆ ಹಣ್ಣಿಗೆ ಕೈ ಹಾಕಿದರು.