ಇದಕ್ಕೆ ಲೈಟ್‌ವೇಟ್ ಅಂತಾರಂತೆ!

ನಿನ್ನೆ ಆಗುಂಬೆಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಹಳದಿ ಬಣ್ಣದ ಲೋಟಸ್ ಎಮಿರಾ ಕಾರು ಬಂತು. ಬೆಂಗಳೂರಿನ ಹುಡುಗ. ಹಂಪ್ ದಾಟಿಸುವಾಗ ಗಾಡಿಯನ್ನು ಓರೆ ಮಾಡಿ, ತುಂಬಿದ ಕೊಡ ಹೊತ್ತವನ ಹಾಗೆ ಮೆಲ್ಲಗೆ ಇಳಿಸಿದ. ಎಲ್ಲರೂ ಫೋಟೋ ತೆಗೆದರು. ನಾನೂ ತೆಗೆದೆ, ಸುಳ್ಳು ಯಾಕೆ ಹೇಳಲಿ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಮಾತು ಹೇಳಿದ ನೋಡಿ: "ಲೈಟ್‌ವೇಟ್ ಸ್ಪೋರ್ಟ್ಸ್ ಕಾರು ಅಂಕಲ್ ಇದು."

ಲೈಟ್‌ವೇಟ್! ಎಷ್ಟು ತೂಕ ಮಾರಾಯ ಅಂದರೆ 1400 ಕೆಜಿ ದಾಟುತ್ತದಂತೆ. ಕೂರೋದು ಇಬ್ಬರು.

ನಮ್ಮ ಮನೆಯ ಫಿಯಟ್ ನಿಮಗೆಲ್ಲ ಗೊತ್ತು. ಹೆಸರಿಗೆ ಪ್ರೀಮಿಯರ್ ಪದ್ಮಿನಿ, ಆದರೆ ನಮ್ಮ ಕಡೆ ಯಾರೂ ಹಾಗನ್ನಲಿಲ್ಲ, ಫಿಯಟ್ಟೇ. ತೂಕ 900 ಕೆಜಿ ಆಸುಪಾಸು. ಕಬ್ಬಿಣದ ಪೆಟ್ಟಿಗೆ ಅಂತ ನಗ್ತೀರಲ್ಲ, ಅದೇ. ಅಪ್ಪ, ಅಮ್ಮ, ಅಜ್ಜಿ, ನಾವು ಮೂವರು ಮಕ್ಕಳು, ಡಿಕ್ಕಿಯಲ್ಲಿ ಅಡಿಕೆ ಮೂಟೆ, ಎಲ್ಲ ಸೇರಿದರೂ ಈ ಹುಡುಗನ ಖಾಲಿ ಕಾರಿನಷ್ಟು ತೂಗುತ್ತಿರಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದ್ದೇನೆ, ಹೆಂಡತಿ ಬೈದದ್ದೂ ಆಯಿತು.

ಲೋಟಸ್‌ಗೆ 400 ಕುದುರೆಯ ಶಕ್ತಿ. ಫಿಯಟ್‌ನ 1089 ಸಿಸಿ ಇಂಜಿನ್‌ಗೆ ಸುಮಾರು 40. ಸರಿ, ಹತ್ತು ಪಟ್ಟು. ಆದರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವಲ್ಲಿ, ಮುಂದೊಂದು ಮಿನಿ ಬಸ್ಸು, ಎದುರಿಗೆ ಮಂಜು, ತಡೆಗೋಡೆ ಮೇಲೆ ಮಂಗಗಳು, ಇಂಥ ಕಡೆ ಉಳಿದ 360 ಕುದುರೆ ಎಲ್ಲಿ ಮೇಯಲು ಹೋಗ್ತವೆ? ಫಿಯಟ್‌ನ ನಲವತ್ತೂ ಕೆಲಸ ಮಾಡುತ್ತಿದ್ದವು. ಪವರ್ ಸ್ಟೀರಿಂಗ್ ಇಲ್ಲ, ಅಪ್ಪ ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ ಸೋಮೇಶ್ವರದಿಂದ ಮೇಲೆ ಬರುವಷ್ಟರಲ್ಲಿ ಅಂಗಿ ಒದ್ದೆ. ಬೇಸಿಗೆಯಲ್ಲಿ ಪೆಟ್ರೋಲು ಕಾದು ಪಂಪಿನ ಹತ್ತಿರವೇ ಆವಿಯಾಗಿ ಗಾಡಿ ನಿಲ್ಲುತ್ತಿತ್ತು, ಆಗಿನ ಗಾಡಿಗಳಿಗೆಲ್ಲ ಇದ್ದ ರೋಗ. ಪಂಪಿಗೆ ಒದ್ದೆ ಬಟ್ಟೆ ಸುತ್ತೋ ಕೆಲಸ ನನ್ನದು. ಗಂಟೆಗೆ 35 ಕಿ.ಮೀ. ವೇಗದಲ್ಲಿ ರೇಸು ಗೆದ್ದ ಖುಷಿ.

ಈಗ ಸೇಫ್ಟಿ ಶಾಸ್ತ್ರಿಗಳು ಕಾಮೆಂಟಿಗೆ ಬರ್ತೀರಿ, ಗೊತ್ತು. ಏರ್‌ಬ್ಯಾಗು, ಎಬಿಎಸ್ಸು, ಗಟ್ಟಿ ಬಾಡಿ, ತೂಕ ಏರಲೇಬೇಕು ಅಂತ. ಒಪ್ಪಿದೆ. ಫಿಯಟ್‌ನಲ್ಲಿ ಸೇಫ್ಟಿ ಅಂದರೆ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಒಬ್ಬನೇ. ಆದರೆ ಇದೇ ಲೋಟಸ್‌ನವರು 1996ರಲ್ಲಿ ಎಲೀಸ್ ಅಂತ ಒಂದು ಕಾರು ತಂದರಲ್ಲ, ಅದು 725 ಕೆಜಿ ಇತ್ತು. ಅದನ್ನು ಲೈಟ್‌ವೇಟ್ ಅನ್ನಿ, ಕೈ ಮುಗಿಯುತ್ತೇನೆ. ಇದಕ್ಕೆ ಅನ್ನಬೇಡಿ, ಅಷ್ಟೇ.

ಹುಡುಗ ಒಳ್ಳೆಯವನು. ಬನ್ನಿ ಅಂಕಲ್ ಅಂತ ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಕರೆದುಕೊಂಡು ಹೋದ. ಒಂದು ನೇರ ದಾರಿ ಸಿಕ್ಕಿತು, ಒತ್ತಿದ. ನಾನು ಚಿಕ್ಕ ಮಗುವಿನ ಹಾಗೆ ನಕ್ಕೆ ಮಾರಾಯ್ರೇ, ಇದನ್ನು ಬರೆಯಬಾರದು ಅಂತಿದ್ದೆ. "ನೋಡಿ, ಗೇರು ಸ್ಟೀರಿಂಗ್ ಹತ್ತಿರವೇ ಇದೆ" ಅಂತ ತೋರಿಸಿದ. ನಮ್ಮ ಫಿಯಟ್‌ದೂ ಅಲ್ಲೇ ಇದ್ದದ್ದು ಮಗಾ ಅಂದೆ.

ತಪ್ಪಾಗಿದ್ದು ಅಲ್ಲೇ. "ಹೌದಾ? ನೋಡಬಹುದಾ ಅಂಕಲ್?" ಅಂದ. ಎರಡು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ, ವೈರೆಲ್ಲ ಇಲಿ ಕಡಿದಿದೆ, ಹಿಂದಿನ ಸೀಟಲ್ಲಿ ಕೋಳಿ ಮೊಟ್ಟೆ ಇಡುತ್ತದೆ ಅಂತ ಹೇಗೆ ಹೇಳಲಿ? ಸರ್ವಿಸಿಗೆ ಬಿಟ್ಟಿದ್ದೇನೆ ಅಂದುಬಿಟ್ಟೆ. ಮುಂದಿನ ತಿಂಗಳು ಮತ್ತೆ ಬರ್ತಾನಂತೆ. ತೀರ್ಥಹಳ್ಳಿ ಕಡೆ ಹಳೇ ಫಿಯಟ್ ವೈರಿಂಗ್ ಮಾಡೋರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಹಾಕಿ.