ಎಸ್‌ಯುವಿಗೆ ಟೈರ್ ಹಾಕಿಸುವ ಮುಂಚೆ ಮಳೆಯನ್ನು ನೆನೆಸಿಕೊಳ್ಳಿ

ಎಸ್‌ಯುವಿಗೆ ಹೊಸ ಟೈರ್ ಹಾಕಿಸಬೇಕು ಅಂದ ತಕ್ಷಣ ಎಲ್ಲರ ತಲೆಗೆ ಬರುವ ಪ್ರಶ್ನೆಗಳು ಎರಡೇ. ಒಂದು, ಎಷ್ಟು ಸಾವಿರ ಕಿಲೋಮೀಟರ್ ಬರುತ್ತೆ? ಎರಡು, ನೋಡೋಕೆ ಗಟ್ಟಿಮುಟ್ಟಾಗಿ ಕಾಣುತ್ತಾ? ಎರಡನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಕಣ್ಣು ಮಾತ್ರ ಸೀದಾ ದಪ್ಪ ದಪ್ಪ ರಬ್ಬರ್ ಬಟನ್ ಇರುವ ಟೈರ್ ಮೇಲೇ ಹೋಗಿ ನಿಲ್ಲುತ್ತದೆ. ಗೆಳೆಯರು ಕೇಳಿದಾಗಲೆಲ್ಲ ನಾನು ಹೇಳುವುದು ಇಷ್ಟೇ: ಇವೆರಡನ್ನೂ ಆಮೇಲೆ ನೋಡೋಣ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಯಾವುದು ಬೇಗ ನಿಲ್ಲುತ್ತದೆ ಅಂತ ಮೊದಲು ನೋಡಿ.

ಯಾಕೆ ಅಂತ ಹೇಳುತ್ತೇನೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಡಿಕ್ಕಿ ತುಂಬ ಲಗೇಜ್ ಹೇರಿಕೊಂಡು ಹೊರಟ ಎಸ್‌ಯುವಿ ಸುಲಭವಾಗಿ ಎರಡು ಟನ್ ದಾಟುತ್ತದೆ. ಅಷ್ಟೂ ಭಾರ ನೆಲಕ್ಕೆ ತಾಗಿರುವುದು ನಾಲ್ಕು ಕಡೆ, ಒಂದೊಂದು ಕಡೆಯೂ ಹೆಚ್ಚುಕಮ್ಮಿ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರಲಿ, ಅವು ಹಿಡಿಯುವುದು ಚಕ್ರವನ್ನು. ಗಾಡಿಯನ್ನು ಹಿಡಿಯಬೇಕಾದದ್ದು ಅಲ್ಲಿರುವ ರಬ್ಬರ್.

ಒಂದು ಸಣ್ಣ ಲೆಕ್ಕ. ಒಂದೇ ಥರದ ಎರಡು ಗಾಡಿ, ಎರಡೂ 80 ಕಿ.ಮೀ. ವೇಗದಲ್ಲಿವೆ, ರಸ್ತೆ ಒದ್ದೆ. ಒಂದರ ಟೈರ್ 40 ಮೀಟರ್‌ಗೆ ನಿಲ್ಲಿಸುತ್ತದೆ, ಇನ್ನೊಂದರದ್ದು 46 ಮೀಟರ್‌ಗೆ. ಬರೀ ಆರು ಮೀಟರ್ ಅಲ್ವಾ, ಏನಾಯ್ತು ಅನ್ನಿಸಬಹುದು. ಆದರೆ ಮೊದಲನೆಯ ಗಾಡಿ ಪೂರ್ತಿ ನಿಂತ ಜಾಗಕ್ಕೆ ಬಂದಾಗ ಎರಡನೆಯದು ಇನ್ನೂ ಸುಮಾರು 29 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಎದುರಿಗೆ ಲಾರಿಯ ಹಿಂಭಾಗ ಇದ್ದರೆ ಆ 29ರ ಅರ್ಥ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಲ್ಲ ಕಂಪನಿಯವರೂ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವ ಟೈರನ್ನೇ ಮಾಡಬಹುದಲ್ಲ? ಅಲ್ಲೇ ಇರುವುದು ತೊಡಕು. ಒದ್ದೆಯಲ್ಲಿ ಹಿಡಿತ, ಬಾಳಿಕೆ, ಇಂಧನದ ಮೈಲೇಜ್, ಈ ಮೂರೂ ಒಂದಕ್ಕೊಂದು ಆಗಿಬರುವುದಿಲ್ಲ. ರಬ್ಬರ್ ಗಟ್ಟಿ ಮಾಡಿದರೆ ಟೈರ್ ಜಾಸ್ತಿ ದಿನ ಬರುತ್ತದೆ, ಮಳೆಯಲ್ಲಿ ಜಾರುತ್ತದೆ. ಮೆತ್ತಗೆ ಮಾಡಿದರೆ ಹಿಡಿಯುತ್ತದೆ, ಬೇಗ ಸವೆಯುತ್ತದೆ. 1990ರ ದಶಕದಲ್ಲಿ ರಬ್ಬರ್‌ಗೆ ಸಿಲಿಕಾ ಬೆರೆಸುವುದು ಶುರುವಾದ ಮೇಲೆ ಈ ಜಗಳ ಸ್ವಲ್ಪ ತಣ್ಣಗಾಯಿತು. ಮೈಲೇಜ್ ಮತ್ತು ಒದ್ದೆ ಹಿಡಿತ ಎರಡನ್ನೂ ಒಟ್ಟಿಗೆ ಕೊಡುವುದು ಸಾಧ್ಯವಾಯಿತು. ಆದರೂ ಪೂರ್ತಿ ರಾಜಿ ಆಗಿಲ್ಲ. ಆದ್ದರಿಂದ "ಈ ಟೈರ್ ಸವೆಯೋದೇ ಇಲ್ಲ ಸಾರ್" ಅಂತ ಯಾರಾದರೂ ಹೊಗಳಿದರೆ ನನಗೆ ಒಳಗೊಳಗೇ ಅನುಮಾನ.

ಒದ್ದೆ ಹಿಡಿತ ತಿಳಿಯುವುದು ಹೇಗೆ? ಯುರೋಪಿನಲ್ಲಿ 2012ರಿಂದ ಟೈರ್‌ಗೆ ಲೇಬಲ್ ಕಡ್ಡಾಯ. 2021ರ ಮೇ ತಿಂಗಳಲ್ಲಿ ಅದನ್ನು ಪರಿಷ್ಕರಿಸಿದರು. ಅದರಲ್ಲಿ ಒದ್ದೆ ಹಿಡಿತಕ್ಕೆ ಎ-ಯಿಂದ ಇ-ವರೆಗೆ ದರ್ಜೆ ಇದೆ (ಎ ಎಲ್ಲಕ್ಕಿಂತ ಒಳ್ಳೆಯದು), ಇಂಧನ ಉಳಿತಾಯಕ್ಕೂ ಅಷ್ಟೇ. ಹೊರಗೆ ಕೇಳುವ ಸದ್ದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಬಾಳಿಕೆಗೆ ಈ ಲೇಬಲ್‌ನಲ್ಲಿ ದರ್ಜೆ ಇಲ್ಲ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಟೈರ್ ಮೇಲೇ 'ಟ್ರೆಡ್‌ವೇರ್ 500, ಟ್ರ್ಯಾಕ್ಷನ್ ಎ, ಟೆಂಪರೇಚರ್ ಎ' ಅಂತ ಅಚ್ಚು ಹಾಕಿರುತ್ತಾರೆ, ಅಂದರೆ ಕ್ರಮವಾಗಿ ಬಾಳಿಕೆ, ಒದ್ದೆ ಹಿಡಿತ, ಬಿಸಿ ತಡೆಯುವ ಶಕ್ತಿ. 500 ಇದ್ದರೆ 400ಕ್ಕಿಂತ ಒಳ್ಳೆಯದು ಅಂತ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಆ ಪರೀಕ್ಷೆಯಲ್ಲಿ ಟೈರ್ ಓಡುವುದು 7,200 ಮೈಲಿ, ಅಂದರೆ ಸುಮಾರು 11,600 ಕಿ.ಮೀ. ಮಾತ್ರ. ಅಲ್ಲಿಂದ ಮುಂದೆ ಅಂದಾಜು ಮಾಡಿ ಅಂಕಿ ಕೊಡುವುದು ಕಂಪನಿಯೇ. ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಅದು ಸಾಕು. ಬೇರೆ ಬೇರೆ ಕಂಪನಿಯ ಟೈರ್‌ಗಳನ್ನು ಅದರ ಮೇಲೆ ತೂಗುವುದಾದರೆ ಹುಷಾರು. ಟ್ರ್ಯಾಕ್ಷನ್ ಅಕ್ಷರವೂ ನೇರ ಹೋಗುವಾಗ ಒದ್ದೆಯಲ್ಲಿ ಬ್ರೇಕ್ ಹಾಕಿದ್ದರದ್ದು ಮಾತ್ರ. ತಿರುವಿನ ಹಿಡಿತ ಅದರಲ್ಲಿ ಸೇರಿಲ್ಲ. ಇದೆಲ್ಲಕ್ಕಿಂತ ನಾನು ನಂಬುವುದು ಸ್ವತಂತ್ರವಾಗಿ ಪರೀಕ್ಷೆ ಮಾಡುವವರು ಒಂದೇ ಗಾಡಿ, ಒಂದೇ ಟ್ರ್ಯಾಕ್‌ನಲ್ಲಿ ಹತ್ತಾರು ಟೈರ್ ಹಾಕಿ ನಿಲ್ಲಿಸಿ ಅಳೆದ ಮೀಟರ್‌ಗಳನ್ನು.

ಈಗ ಆ ಬಟನ್ ಟೈರ್ ವಿಷಯಕ್ಕೆ ಬರೋಣ. ಎ/ಟಿ ಅಂದರೆ ಆಲ್ ಟೆರೇನ್, ಎಚ್/ಟಿ ಅಂದರೆ ಹೈವೇ ಟೈರ್. ಕಚ್ಚಾ ರಸ್ತೆ, ಕೆಸರು, ಚೂಪುಕಲ್ಲು ದಿನಾ ಸಿಗುವವರಿಗೆ ಎ/ಟಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳನ್ನು ಶಾಲೆಗೆ ಬಿಡುವ, ಆಫೀಸಿಗೆ ಹೋಗಿಬರುವ, ವರ್ಷಕ್ಕೊಮ್ಮೆ ಬೆಟ್ಟ ಹತ್ತುವ ಗಾಡಿಗೆ ಅದು ಯಾಕೆ? ಬಟನ್ ದೊಡ್ಡದಾದಷ್ಟೂ ನಡುವಿನ ಸಂದು ಅಗಲ, ಡಾಂಬರಿಗೆ ತಾಗುವ ರಬ್ಬರ್ ಕಡಿಮೆ. ಬ್ರೇಕ್ ಹಾಕಿದಾಗ ಎತ್ತರದ ಬಟನ್‌ಗಳು ಬಗ್ಗುತ್ತವೆ. ಟೈರ್ ಭಾರ, ಮೈಲೇಜ್ ಕಡಿಮೆ, ಹೈವೇಯಲ್ಲಿ ಗುಂಯ್ ಅನ್ನುವ ಸದ್ದು. ಫ್ಯಾಮಿಲಿ ಗಾಡಿಗೆ ಅದು ತೋರಿಕೆಗೆ ಅಂತಲೇ ನನ್ನ ಅಭಿಪ್ರಾಯ. ಬೈದುಕೊಳ್ಳುವವರು ಬೈದುಕೊಳ್ಳಿ.

ಹಿಮ ಬೀಳುವ ಕಡೆ ಇರುವವರಿಗೆ ಮಾತ್ರ ಒಂದು ಮಾತು. 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಅನ್ನುವ ಗುರುತನ್ನು ನೋಡಿ ತೃಪ್ತಿಪಡಬೇಡಿ, ಅದು ಹೆಚ್ಚಾಗಿ ತೋಡಿನ ವಿನ್ಯಾಸದ ಮಾತು. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ ಹುಡುಕಿ. ಅದು ಹಿಮದ ಮೇಲೆ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಸಿಗುವ ಗುರುತು.

ಸೈಜ್ ವಿಷಯದಲ್ಲಿ ನಾನು ಹಳೇ ಕಾಲದವನು. ಕಂಪನಿ ಕೊಟ್ಟದ್ದೇ ಇರಲಿ ಅನ್ನುವವನು. ಗಾಡಿಯ ಟೈರ್ ಮೇಲೆ 235/60 ಆರ್18 103ಎಚ್ ಅಂತ ಇದೆ ಅಂದುಕೊಳ್ಳಿ. ಅಗಲ 235 ಮಿಲಿಮೀಟರ್, ಸೈಡ್‌ವಾಲ್ ಅಂದರೆ ಪಕ್ಕದ ಗೋಡೆಯ ಎತ್ತರ ಅದರ ಶೇ. 60, ಅಂದರೆ 141 ಮಿ.ಮೀ., ರಿಮ್ 18 ಇಂಚು. ಅದೇ ಗಾಡಿಗೆ ಚಂದಕ್ಕೆ ಅಂತ 20 ಇಂಚಿನ ರಿಮ್ ಹಾಕಿ 235/50 ಟೈರ್ ಕೂರಿಸಿದರೆ ಹೊರಗಿನ ಎತ್ತರ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ, ಆದರೆ ಸೈಡ್‌ವಾಲ್ 117 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಏಟು ತಿನ್ನಬೇಕಿದ್ದ ರಬ್ಬರ್‌ನಲ್ಲಿ ಎರಡೂವರೆ ಸೆಂಟಿಮೀಟರ್ ಹತ್ತಿರ ಹೋಯಿತು. ಆಮೇಲೆ ರಿಮ್ ಬೆಂಡ್, ಸೈಡ್‌ವಾಲ್ ಉಬ್ಬು ಅಂತ ಓಡಾಡಬೇಕು. ಇನ್ನು ಕೆಲವರು ಎತ್ತರ ಬರಲಿ ಅಂತ 245/65 ಹಾಕಿಸುತ್ತಾರೆ. ಅದರ ಸುತ್ತಳತೆ ಸುಮಾರು ಶೇ. 5 ಜಾಸ್ತಿ. ಮೀಟರ್ 100 ತೋರಿಸುವ ಹೊತ್ತಿಗೆ ಗಾಡಿ ಮೊದಲಿಗಿಂತ ಐದು ಕಿ.ಮೀ. ಜಾಸ್ತಿ ವೇಗದಲ್ಲಿರುತ್ತದೆ.

ಕೊನೆಯ 103ಎಚ್ ಇದೆಯಲ್ಲ, ಯಾರೂ ಅದನ್ನು ಓದುವುದೇ ಇಲ್ಲ. 103 ಅಂದರೆ ಒಂದು ಟೈರ್ 875 ಕೆ.ಜಿ. ಹೊರಬಲ್ಲದು. ಎಚ್ ಅಂದರೆ ಗಂಟೆಗೆ 210 ಕಿ.ಮೀ. ತನಕದ ವೇಗ. 98 ಆದರೆ 750 ಕೆ.ಜಿ. ಮಾತ್ರ. ಸೈಜ್ ಒಂದೇ ಇದ್ದರೂ ಈ ಅಂಕಿ ಬೇರೆ ಇರಬಹುದು. ಏಳು ಜನ ಕೂತು ಹೋಗುವ ಗಾಡಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರ್ ಕೊಟ್ಟರೆ ಬೇಡ ಅನ್ನಿ. ಸುಮ್ನೆ ತಲೆ ಆಡಿಸಬೇಡಿ.

ಜಾಸ್ತಿ ಭಾರ ಮತ್ತು ಕಡಿಮೆ ಗಾಳಿ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಎಸ್‌ಯುವಿ ಇತಿಹಾಸದಲ್ಲೇ ದೊಡ್ಡ ಉದಾಹರಣೆ ಇದೆ. 2000ನೇ ಇಸವಿಯ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಅಮೆರಿಕದಲ್ಲಿ 65 ಲಕ್ಷ ಟೈರ್ ವಾಪಸ್ ಕರೆಯಿತು. ಅವುಗಳಲ್ಲಿ ಬಹಳಷ್ಟು ಇದ್ದದ್ದು ಫೋರ್ಡ್ ಎಕ್ಸ್‌ಪ್ಲೋರರ್‌ನಲ್ಲಿ, ಆ ಕಾಲದ ಅಚ್ಚುಮೆಚ್ಚಿನ ಫ್ಯಾಮಿಲಿ ಎಸ್‌ಯುವಿಯಲ್ಲಿ. ವೇಗದಲ್ಲಿ ಹೋಗುವಾಗ ಟೈರ್‌ನ ಮೇಲಿನ ಪದರ ಕಿತ್ತು ಬರುತ್ತಿತ್ತು, ಗಾಡಿ ಪಲ್ಟಿ ಹೊಡೆಯುತ್ತಿತ್ತು. 200ಕ್ಕೂ ಹೆಚ್ಚು ಜನ ಸತ್ತರು. ಟೈರ್‌ನಲ್ಲೇ ದೋಷ ಇತ್ತು ಅಂತ ಸರ್ಕಾರದ ತನಿಖೆ ಹೇಳಿತು. ಜೊತೆಗೆ ಗಾಳಿಯ ಜಗಳವೂ ಎದ್ದಿತು. ಫೋರ್ಡ್ ಹೇಳಿದ್ದ ಗಾಳಿ 26 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಫೈರ್‌ಸ್ಟೋನ್ 30 ಇರಬೇಕು ಅಂದಿತು. ಗಾಳಿ ಕಡಿಮೆ, ಭಾರ ಜಾಸ್ತಿ, ಬಿಸಿಲು, ವೇಗ, ಇವೆಲ್ಲ ಸೇರಿದರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಒಳಗಿನ ಅಂಟು ಬಿಡುತ್ತದೆ. ಎರಡೂ ಕಂಪನಿಗಳು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿಕೊಂಡು, ತಲೆಮಾರುಗಳ ಸಂಬಂಧವನ್ನೇ 2001ರಲ್ಲಿ ಮುರಿದುಕೊಂಡವು.

ಟೈರ್‌ನಲ್ಲಿ ಗಾಳಿ ಇಳಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಹೊತ್ತಿಕೊಳ್ಳುವ ಆ ಹಳದಿ ಟೈರ್ ದೀಪ ಅಮೆರಿಕದಲ್ಲಿ ಕಡ್ಡಾಯವಾದದ್ದು ಈ ಗಲಾಟೆಯಿಂದಲೇ. ಆದರೆ ಅದನ್ನೇ ನಂಬಿ ಕೂರಬೇಡಿ. ಅಲ್ಲಿನ ನಿಯಮದ ಪ್ರಕಾರ ಗಾಳಿ ಶೇ. 25ರಷ್ಟು ಇಳಿದ ಮೇಲೆ ದೀಪ ಹೊತ್ತಿದರೂ ಸಾಕು. 34 ಇರಬೇಕಾದ ಕಡೆ 27 ಇದ್ದರೂ ದೀಪ ತೆಪ್ಪಗಿರಬಹುದು. ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿರುತ್ತದೆ. ಗಾಡಿ ತುಂಬಿದ್ದಾಗಿನ ಅಂಕಿ ಕೆಲವೊಮ್ಮೆ ಬೇರೆಯೇ ಇರುತ್ತದೆ, ಅದನ್ನೂ ನೋಡಿ. ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ಹೊಡೆಸಬೇಕು ಅಂತ ಅಲ್ಲ. ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಅಳೆಯಿರಿ. ನೈಟ್ರೋಜನ್ ಬೇಕಾ ಅಂತ ಕೇಳುವವರಿಗೆ: ಸಾದಾ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕರೆ ಹಾಕಿಸಿ.

ಎರಡೇ ಟೈರ್ ಹಾಕಿಸಬೇಕಾ, ನಾಲ್ಕೂ ಹಾಕಿಸಬೇಕಾ? ಟೂ ವೀಲ್ ಡ್ರೈವ್ ಆದರೆ ಎರಡು ಹಾಕಿಸಬಹುದು, ಆದರೆ ಹೊಸದು ಹಿಂದಕ್ಕೇ ಹೋಗಬೇಕು. ಮುಂದಿನ ಚಕ್ರ ತಾನೇ ಎಳೆಯುವುದು, ಒಳ್ಳೆಯದು ಮುಂದಿರಲಿ ಅಂತ ವಾದ ಮಾಡುವವರು ತುಂಬ ಜನ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ. ಕಾಲು ಸಡಿಲಿಸಿದರೆ ಹೆಚ್ಚಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿ ತಿರುಗಿದ ಹಾಗೆ ತಿರುಗುತ್ತದೆ, ಸಾಮಾನ್ಯ ಡ್ರೈವರ್ ಕೈಯಲ್ಲಿ ಅದು ನಿಲ್ಲುವುದಿಲ್ಲ.

ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಆದರೆ ಕಥೆಯೇ ಬೇರೆ. ಮೇಲೆ ಹೇಳಿದ ಸೈಜ್‌ನಲ್ಲಿ ಒಂದು ಟೈರ್ ಇನ್ನೊಂದಕ್ಕಿಂತ 3 ಮಿ.ಮೀ. ಹೆಚ್ಚು ಸವೆದಿದ್ದರೆ, ಪ್ರತಿ ಕಿಲೋಮೀಟರ್‌ಗೆ ಅದು ಸುಮಾರು ಮೂರೂವರೆ ಸುತ್ತು ಜಾಸ್ತಿ ತಿರುಗುತ್ತದೆ. ನಡುವೆ ಇರುವ ಕ್ಲಚ್ ಅಥವಾ ಡಿಫರೆನ್ಷಿಯಲ್ ದಾರಿಯುದ್ದಕ್ಕೂ ಈ ವ್ಯತ್ಯಾಸವನ್ನು ತಡೆದುಕೊಂಡು ಬಿಸಿಯಾಗುತ್ತಲೇ ಇರುತ್ತದೆ. ಎಷ್ಟು ವ್ಯತ್ಯಾಸ ನಡೆಯುತ್ತದೆ ಅಂತ ಗಾಡಿಯ ಮ್ಯಾನ್ಯುಯಲ್‌ನಲ್ಲಿ ನೋಡಿ. ಅನುಮಾನ ಬಂದರೆ ನಾಲ್ಕೂ ಒಟ್ಟಿಗೆ ಹಾಕಿಸಿ. ಆ ಯಂತ್ರದ ರಿಪೇರಿಗೆ ಹೋಲಿಸಿದರೆ ಟೈರ್ ಅಗ್ಗ.

ಅಂದಹಾಗೆ, ಹಳೆ ಟೈರ್ ಬಿಚ್ಚಿಸುವ ಮುಂಚೆ ಒಮ್ಮೆ ಕೈಯಿಂದ ಮುಟ್ಟಿ ನೋಡಿ. ತೋಡಿನೊಳಗೆ ಬೆರಳು ಎಳೆದರೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆ ಸಿಗುತ್ತದೆ. ಅದರ ಎತ್ತರ 1.6 ಮಿ.ಮೀ. ರಬ್ಬರ್ ಅದರ ಮಟ್ಟಕ್ಕೆ ಬಂತು ಅಂದರೆ ಟೈರ್ ಮುಗಿಯಿತು. ನಿಜ ಹೇಳಬೇಕೆಂದರೆ ಮಳೆಗೆ ಅದಕ್ಕೂ ಮುಂಚೆಯೇ, 3 ಮಿ.ಮೀ. ಹೊತ್ತಿಗೇ ಮುಗಿದಿರುತ್ತದೆ, ಆಮೇಲೆ ತೋಡಿಗೆ ನೀರು ಹೊರಹಾಕುವ ತಾಕತ್ತು ಇರುವುದಿಲ್ಲ. ಈಗ ಅಂಗೈಯನ್ನು ಟೈರ್ ಮೇಲೆ ಅಡ್ಡಡ್ಡ ಸವರಿ. ಒಂದು ಕಡೆಯಿಂದ ನುಣ್ಣಗೆ, ವಾಪಸ್ ತರುವಾಗ ಗರಗಸದ ಹಲ್ಲಿನ ಹಾಗೆ ತರಚಿದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ಹೋಗಿದೆ. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ ಇತ್ತು. ನಡುವೆ ಮಾತ್ರ ಸವೆದಿದ್ದರೆ ಜಾಸ್ತಿ ಇತ್ತು. ಇದನ್ನು ಸರಿಮಾಡದೆ ಎಂಥ ಟೈರ್ ಹಾಕಿದರೂ ಅದೂ ಹಾಗೇ ಸವೆಯುತ್ತದೆ.

ಹೊಸ ಟೈರ್ ಕೂರಿಸುವ ಮುಂಚೆ ತಾರೀಖು ನೋಡಿ. ಡಾಟ್ (DOT) ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 2324 ಅಂದರೆ 2024ರ 23ನೇ ವಾರ. ಪೂರ್ತಿ ಸಾಲು ಎಷ್ಟೋ ಸಲ ಒಂದೇ ಬದಿಯಲ್ಲಿರುತ್ತದೆ. ಆ ಬದಿ ಒಳಮುಖವಾಗಿ ಕೂತರೆ ಆಮೇಲೆ ಗಾಡಿ ಕೆಳಗೆ ತೂರಿ ನೋಡಬೇಕು. ನೆಲದ ಮೇಲಿದ್ದಾಗಲೇ ನಾಲ್ಕನ್ನೂ ಓದಿಬಿಡಿ. ವಾಲ್ವ್ ಹೊಸದು ಹಾಕಲು ಹೇಳಿ. ಸೈಡ್‌ವಾಲ್ ಮೇಲೆ 'ಔಟ್‌ಸೈಡ್' ಅಂತ ಇದ್ದರೆ ಅದು ಹೊರಗೇ ಬರಬೇಕು. ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಬಾಣ ಇರಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಹೊಸ ರಬ್ಬರ್ ಮೇಲೆ ಅಚ್ಚಿನ ಜಿಡ್ಡು ಉಳಿದಿರುತ್ತದೆ, ಜಾರುತ್ತದೆ.

ಮತ್ತೆ ಸ್ಟೆಪ್ನಿ. ಒಮ್ಮೆಯೂ ನೆಲ ಮುಟ್ಟದ ಟೈರ್ ಹೊಸದರ ಹಾಗೇ ಹೊಳೆಯುತ್ತಿರುತ್ತದೆ, ಅದಕ್ಕೇ "ಇದನ್ನೇ ಒಂದು ಚಕ್ರಕ್ಕೆ ಹಾಕಿ, ಮೂರು ಕೊಂಡರೆ ಸಾಕು" ಅನ್ನುವ ಆಸೆ ಬರುತ್ತದೆ. ಓಡದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ, ಅದರ ತಾರೀಖನ್ನೂ ಓದಿ. ಹಲವು ಗಾಡಿ ಕಂಪನಿಗಳು ಆರು ವರ್ಷ ದಾಟಿದ ಟೈರ್ ಬದಲಾಯಿಸಿ ಅನ್ನುತ್ತವೆ. ಬಿಚ್ಚಿದ ನಾಲ್ಕರಲ್ಲಿ ಅದಕ್ಕಿಂತ ಹೊಸದು, ಸಮನಾಗಿ ಸವೆದದ್ದು, ತೋಡು ಇನ್ನೂ ಇರುವುದು ಒಂದಿದ್ದರೆ ಅದನ್ನೇ ಸ್ಟೆಪ್ನಿ ಮಾಡಿಕೊಳ್ಳಿ. ಹಿಂದೆ ಕಟ್ಟಿದ ಸ್ಟೆಪ್ನಿಗೂ ಗಾಳಿ ಹೊಡೆಸಿಯೇ ಅಲ್ಲಿಂದ ಹೊರಡಿ.